ತರಗತಿಗೊಂದು ಖಾತೆ ಸಾಕು, ಮಗುವಿಗೊಂದು ಬೇಡ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳು ಸಾಮಾಜಿಕ ಜಾಲತಾಣಗಳನ್ನು ಬಳಸಬೇಕೆ, ಬೇಡವೆ ಎಂಬ ವಾದ ಕೆಲವು ಕಾಲದಿಂದ ಪತ್ರಿಕೆಗಳಲ್ಲಿ, ಪೋಷಕರ ಸಭೆಗಳಲ್ಲಿ, ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ನಡೆಯುತ್ತಲೇ ಇದೆ. ಪೂರ್ತಿ ನಿಷೇಧಿಸಿ ಎನ್ನುವವರು ಒಂದು ಕಡೆ, ಕಾಲಕ್ಕೆ ತಕ್ಕಂತೆ ಕಲಿಸದಿದ್ದರೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಎನ್ನುವವರು ಇನ್ನೊಂದು ಕಡೆ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ, ಈ ಎರಡೂ ಕಡೆಯವರು ಒಂದೇ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ ಎನಿಸುತ್ತದೆ: ಒಂದು ಮಗು, ಅದರ ಕೈಯಲ್ಲೊಂದು ಫೋನು, ಆ ಫೋನಿನಲ್ಲಿ ಆ ಮಗುವಿನದೇ ಹೆಸರಿನ ಒಂದು ಖಾತೆ. ಶಾಲೆಯ ಕಲಿಕೆಗೆ ಈ ಚಿತ್ರದ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಇಡೀ ತರಗತಿಗೆ ಒಂದು ಖಾತೆ ಇರಲಿ, ಅದು ಶಿಕ್ಷಕರ ಜವಾಬ್ದಾರಿಯಲ್ಲಿರಲಿ, ಶಾಲಾ ಅವಧಿಯಲ್ಲಿ ಎಲ್ಲರೂ ಕೂಡಿ ಅದನ್ನು ಬಳಸಲಿ. ಜಾಲತಾಣದಿಂದ ಕಲಿಯಬಹುದಾದುದರಲ್ಲಿ ಬಹುಪಾಲನ್ನು ಹೀಗೆಯೇ ಕಲಿಯಬಹುದು.

ಗ್ರಾಮೀಣ ಮಕ್ಕಳ ಕಲಿಕೆಯ ಸಮೀಕ್ಷೆ ನಡೆಸುವ ಪ್ರಥಮ್ ಸಂಸ್ಥೆಯ 2024ರ ‘ಅಸರ್’ ವರದಿಯ ಅಂಕಿಗಳನ್ನು ಇಲ್ಲಿ ನೆನಪಿಸಬೇಕು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ, ಸಮೀಕ್ಷೆಯ ಹಿಂದಿನ ವಾರ ಓದಿಗೆ ಸಂಬಂಧಿಸಿದ ಯಾವುದಾದರೂ ಕೆಲಸಕ್ಕೆ ಫೋನ್ ಬಳಸಿದವರು ಶೇ 57; ಜಾಲತಾಣಗಳಿಗಾಗಿ ಬಳಸಿದವರು ಶೇ 76. ಇದನ್ನು ಓದಿ ‘ಮಕ್ಕಳು ಹಾಳಾದರು’ ಎಂದು ಉದ್ಗರಿಸುವುದು ಸುಲಭ. ಆದರೆ ಫೋನ್ ಬಳಸಬಲ್ಲ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಓದಿಗೂ ಬಳಸುತ್ತಿದ್ದಾರೆ ಎಂಬುದೂ ಅದೇ ಅಂಕಿಗಳಲ್ಲಿದೆ. ಅವರು ಏನನ್ನು, ಯಾರಿಂದ, ಎಷ್ಟರಮಟ್ಟಿಗೆ ಸರಿಯಾಗಿ ಕಲಿಯುತ್ತಿದ್ದಾರೆ ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ಅದೇ ವರದಿಯಲ್ಲಿರುವ ಇನ್ನೊಂದು ಅಂಶ ನನ್ನನ್ನು ಹೆಚ್ಚು ಕಾಡಿದೆ. ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 36ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಆ ಪ್ರಮಾಣ ಶೇ 27. ‘ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದೇನೆ, ನೋಡಿಕೊಳ್ಳಿ’ ಎಂದು ಶಿಕ್ಷಕರು ಹೇಳುವ ಮಾತು ಎಲ್ಲ ಮಕ್ಕಳಿಗೂ ಒಂದೇ ಸಮಯಕ್ಕೆ ತಲುಪುವುದಿಲ್ಲ. ಅಪ್ಪ ಗದ್ದೆಯಿಂದಲೋ ಆಟೊ ಸ್ಟ್ಯಾಂಡಿನಿಂದಲೋ ಬರುವವರೆಗೆ ಕಾಯುವ ಹುಡುಗಿಗೆ ಅದು ತಲುಪುವುದು ರಾತ್ರಿ ಊಟದ ನಂತರ. ಅದೂ ಫೋನಿನಲ್ಲಿ ಚಾರ್ಜ್ ಉಳಿದಿದ್ದರೆ.

ಇಂದು ನಮ್ಮ ಶಾಲೆಗಳಲ್ಲಿ ಜಾಲತಾಣ ಎಂದರೆ ವಾಟ್ಸ್‌ಆ್ಯಪ್ ಗುಂಪು ಎಂದಷ್ಟೇ ಅರ್ಥ. ಇದು ಕೋವಿಡ್ ಕಾಲದ ಉಳಿಕೆ. 2020ರ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಸೋಂಕಿನ ಆತಂಕದಿಂದ ಅದೂ ತಾತ್ಕಾಲಿಕವಾಗಿ ನಿಂತಿತು. ಆ ತಿಂಗಳುಗಳಲ್ಲಿ ಫೋನಿನ ಗುಂಪುಗಳು ನಿಜಕ್ಕೂ ಆಸರೆಯಾಗಿದ್ದವು. ಮಲೆನಾಡಿನಲ್ಲಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದ ಮಕ್ಕಳ ಸುದ್ದಿಯನ್ನು ತಮ್ಮ ಓದುಗರು ಮರೆತಿರಲಾರರು. ಶಾಲೆ ತೆರೆದ ಮೇಲೂ ಗುಂಪುಗಳು ಮುಚ್ಚಲಿಲ್ಲ, ಆದರೆ ಅವುಗಳ ಸ್ವಭಾವ ಬದಲಾಯಿತು. ಈಗ ಅಲ್ಲಿ ರಜೆಯ ಸೂಚನೆ, ಶುಲ್ಕದ ನೆನಪೋಲೆ, ರಾತ್ರಿ ಒಂಬತ್ತಕ್ಕೆ ಹೋಂವರ್ಕ್, ಬೆಳಿಗ್ಗೆ ಆರಕ್ಕೆ ಶುಭೋದಯದ ಗುಲಾಬಿ ಹೂವು, ನಡುವೆ ಯಾರದೋ ರಾಜಕೀಯ ಫಾರ್ವರ್ಡ್. ಸೂಚನಾ ಫಲಕದ ಕೆಲಸವನ್ನು ಸೂಚನಾ ಫಲಕವೇ ಚೆನ್ನಾಗಿ ಮಾಡುತ್ತಿತ್ತು. ಅದರ ಮೇಲೆ ಕನಿಷ್ಠ ಪಕ್ಷ ಮಕ್ಕಳ ಮನೆಯವರ ಫೋನ್ ನಂಬರುಗಳು ಎಲ್ಲರಿಗೂ ಕಾಣುವಂತೆ ಇರುತ್ತಿರಲಿಲ್ಲ.

ಹಾಗಾದರೆ ಜಾಲತಾಣದಿಂದ ಮಾತ್ರ ಆಗಬಹುದಾದ ಕಲಿಕೆ ಯಾವುದು? ವಿಡಿಯೊ ತೋರಿಸುವುದಲ್ಲ. ಪಾಠದ ವಿಡಿಯೊ ಬೇಕಾದರೆ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಮೂಲಕ ಸರ್ಕಾರದ ಕಲಿಕಾ ಜಾಲತಾಣ ‘ದೀಕ್ಷಾ’ಕ್ಕೆ ಹೋಗಬಹುದು, ಅದಕ್ಕೆ ಯಾರ ಸ್ನೇಹ ಕೋರಿಕೆಯನ್ನೂ ಒಪ್ಪಬೇಕಿಲ್ಲ. ತರಗತಿಯೊಳಗೆ ಉತ್ತರ ಸಿಗದ ಪ್ರಶ್ನೆಯೊಂದನ್ನು ಹೊರಗಿನ ತಿಳಿದವರ ಮುಂದಿಟ್ಟು, ಅವರ ಉತ್ತರ ಪಡೆದು, ಆ ಉತ್ತರವನ್ನೂ ಪರೀಕ್ಷಿಸುವುದು ಪುಸ್ತಕಕ್ಕೂ ಟಿ.ವಿ.ಗೂ ಸಾಧ್ಯವಿಲ್ಲದ, ಜಾಲತಾಣಕ್ಕೆ ಮಾತ್ರ ಸಾಧ್ಯವಿರುವ ಕೆಲಸ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಮಾದರಿಯಿದೆ. ಬೆಂಗಳೂರಿನ ಶಾಸನಾಸಕ್ತರು ಕೆಲವು ವರ್ಷಗಳ ಹಿಂದೆ ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿಕೊಂಡು, ನಗರ ನುಂಗುತ್ತಿರುವ ಶಾಸನ ಕಲ್ಲುಗಳನ್ನು ಹುಡುಕಿ ದಾಖಲಿಸಲು ಹೊರಟರು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ನೂರು ವರ್ಷಕ್ಕೂ ಹಿಂದೆ ದಾಖಲಾದ ಕಲ್ಲುಗಳಲ್ಲಿ ಎಷ್ಟು ಈಗಲೂ ಇವೆ, ಎಲ್ಲಿವೆ ಎಂದು ನೋಡುವುದು ಅವರ ಕೆಲಸವಾಯಿತು. ಯಾರೋ ಒಬ್ಬರು ತಮ್ಮ ಬಡಾವಣೆಯ ಕಲ್ಲಿನ ಚಿತ್ರ ಹಾಕುವುದು, ಇನ್ನೊಬ್ಬರು ಅದರ ಲಿಪಿ ಓದುವುದು, ಮತ್ತೊಬ್ಬರು ಅದು ಇದ್ದ ಮೂಲ ಸ್ಥಳ ಹೇಳುವುದು ಹೀಗೆ ಅದು ಬೆಳೆಯಿತು. 2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಗಾಗಿ ನೆಲ ಅಗೆಯುವಾಗ ಸಿಕ್ಕ ಕಲ್ಲು, ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಸ್ಮಾರಕವೆಂದು ತಿಳಿದದ್ದು ಇಂತಹ ಆಸಕ್ತರ ಕಣ್ಣಿಗೆ ಅದು ಬಿದ್ದುದರಿಂದ. ಹೆಬ್ಬಾಳ ಆಗ ‘ಪೆರ್ಬೊಳಲ್’ ಆಗಿತ್ತು ಎಂಬುದನ್ನು ಆ ಕಲ್ಲು ಹೇಳುತ್ತದೆ. ಮುಂದೆ ಇತಿಹಾಸ ಅಧ್ಯಯನದ ಹಳೆಯ ಸಂಸ್ಥೆ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆಯನ್ನೇ ಕೈಗೆತ್ತಿಕೊಂಡಿತು. ಇದು ವಿಶ್ವವಿದ್ಯಾಲಯದೊಳಗೆ ಶುರುವಾದ ಕೆಲಸವಲ್ಲ. ಕುತೂಹಲವುಳ್ಳ ಸಾಮಾನ್ಯ ಜನ ಜಾಲತಾಣದಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಂಡ ಕೆಲಸ.

ಹಾಸನ ಜಿಲ್ಲೆಯ ಶಾಲೆಗೆ ಇದಕ್ಕಿಂತ ಸಹಜವಾದ ಪಾಠ ಬೇರೆ ಬೇಕೆ? ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮದೇ ಬೇಲೂರು ತಾಲ್ಲೂಕಿನಲ್ಲಿ. ಕೆರೆ ಏರಿಯ ಮೇಲೆ, ಮಾರಿಗುಡಿಯ ಹಿಂದೆ, ಯಾರದೋ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ವೀರಗಲ್ಲುಗಳು ಬಿದ್ದಿರದ ಊರು ಈ ಕಡೆ ಅಪರೂಪ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಇಂತಹದೊಂದು ಕಲ್ಲನ್ನು ಆರಿಸಿಕೊಂಡರು. ಬರಹವನ್ನು ಎದ್ದು ಕಾಣಿಸಲು ಅಕ್ಷರಗಳಿಗೆ ಸೀಮೆಸುಣ್ಣವನ್ನಾಗಲಿ ಅರಿಶಿನವನ್ನಾಗಲಿ ಎಣ್ಣೆಯನ್ನಾಗಲಿ ಬಳಿಯಬಾರದು ಎಂಬುದು ಮೊದಲ ಪಾಠ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ ತೆಗೆದ ಚಿತ್ರದಲ್ಲಿ ಅಕ್ಷರಗಳ ನೆರಳು ತಾನಾಗಿಯೇ ಮೂಡುತ್ತದೆ ಎಂಬುದು ಎರಡನೆಯದು. ಅಳತೆ ತೆಗೆದರು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದುಕೊಂಡರು, ಅಂತಸ್ತುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವ ಕಥೆಯನ್ನು ಬೇರೆ ಹಾಳೆಯಲ್ಲಿ ಬರೆದರು, ಏಕೆಂದರೆ ಕಥೆಯೂ ಶಾಸನವೂ ಒಂದೇ ಬಗೆಯ ಆಧಾರವಲ್ಲ. ಇಷ್ಟೆಲ್ಲ ಆದ ಮೇಲೆಯೇ ತರಗತಿಯ ಖಾತೆಯಿಂದ, ಮಕ್ಕಳೇ ಕೂಡಿ ತಿದ್ದಿ ಬರೆದ ಒಂದು ಟಿಪ್ಪಣಿಯೊಂದಿಗೆ, ಶಾಸನಾಸಕ್ತರ ಗುಂಪೊಂದರಲ್ಲಿ ಚಿತ್ರಗಳನ್ನು ಹಾಕಿದೆವು.

ಬಂದ ಉತ್ತರಗಳೇ ನಿಜವಾದ ಪಾಠವಾದವು. ಒಬ್ಬರು ಇದು ಹೊಯ್ಸಳರ ಕಾಲದ್ದು ಎಂದರು. ಮತ್ತೊಬ್ಬರು ಅಕ್ಷರಗಳ ದುಂಡನ್ನು ತೋರಿಸಿ ಅದಕ್ಕಿಂತ ಈಚಿನದೆಂದು ವಾದಿಸಿದರು. ಇಬ್ಬರು ತಿಳಿದವರು ಒಂದೇ ಕಲ್ಲಿನ ಬಗ್ಗೆ ಸಭ್ಯವಾಗಿ ಭಿನ್ನಾಭಿಪ್ರಾಯ ಹೊಂದಬಹುದು ಎಂಬುದನ್ನು, ಇತಿಹಾಸವೆಂದರೆ ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟಿನ ಪ್ರಕಾರ ಒಂದಂಕದ ಉತ್ತರ ಎಂದು ತಿಳಿದಿದ್ದ ಮಕ್ಕಳು ಮೊದಲ ಬಾರಿಗೆ ಕಂಡರು. ಮೂರನೆಯವರು, ಹಾಸನ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾದ ಐದನೆಯ ಸಂಪುಟವನ್ನು ನೋಡಿದ್ದೀರಾ ಎಂದು ಕೇಳಿದರು. 1902ರಲ್ಲಿ ಅಚ್ಚಾದ ಆ ಸಂಪುಟ ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತದೆ. ನಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕುವುದಕ್ಕೆ ಒಂದು ಇಡೀ ಪೀರಿಯಡ್ ಹಿಡಿಯಿತು. ಅಷ್ಟು ಗಲಾಟೆಯ, ಅಷ್ಟು ಏಕಾಗ್ರತೆಯ ಪೀರಿಯಡ್ಡನ್ನು ನಾನು ಹೆಚ್ಚು ಕಂಡಿಲ್ಲ. ಕಲ್ಲು ಅದಾಗಲೇ ದಾಖಲಾಗಿತ್ತು. ಹೊಸ ಶೋಧವೇನೂ ಆಗಲಿಲ್ಲ ಎಂದು ಕೆಲವರಿಗೆ ನಿರಾಸೆಯಾಯಿತು. ಆದರೆ ಯಾವುದೇ ಮಗುವಿನ ಹೆಸರು, ಮುಖ, ಫೋನ್ ನಂಬರು ಎಲ್ಲಿಯೂ ಹೊರಗೆ ಹೋಗದೆ ಇಷ್ಟೂ ನಡೆಯಿತು ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ. ಮನೆಯಲ್ಲಿ ಫೋನೇ ಇಲ್ಲದ ಹುಡುಗಿಗೂ ಟಿಪ್ಪಣಿಯ ವಾಕ್ಯವನ್ನು ತಿದ್ದುವಲ್ಲಿ ಫೋನಿರುವ ಹುಡುಗನಷ್ಟೇ ಪಾಲಿತ್ತು. ಜೊತೆಗೆ, ‘ನಮ್ಸ್ಕಾರ ಸರ್’ ಎಂಬುದನ್ನೂ ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಮಕ್ಕಳು ಅಂದು ಒತ್ತಕ್ಷರಗಳೊಂದಿಗೆ ಕನ್ನಡ ಲಿಪಿಯಲ್ಲಿ ಟೈಪ್ ಮಾಡುವುದನ್ನು ಕಲಿತರು.

ಜಾಲತಾಣವನ್ನೇ ಪಠ್ಯವಾಗಿ ಇಟ್ಟುಕೊಂಡು ಕಲಿಸಬೇಕಾದ ಇನ್ನೊಂದು ವಿಷಯ, ಸುಳ್ಳನ್ನು ಗುರುತಿಸುವುದು. ದೀಪಾವಳಿ ಬಂದಾಗಲೆಲ್ಲ ಒಂದು ಚಿತ್ರ ಎಲ್ಲರ ಫೋನಿಗೂ ಬರುತ್ತದೆ: ಬಾಹ್ಯಾಕಾಶದಿಂದ ನಾಸಾ ತೆಗೆದ, ಬಣ್ಣಬಣ್ಣದ ದೀಪಗಳಿಂದ ಬೆಳಗುವ ಭಾರತ. ವಾಸ್ತವದಲ್ಲಿ ಅದು ಸಾಗರ ಮತ್ತು ವಾಯುಮಂಡಲ ಅಧ್ಯಯನದ ಅಮೆರಿಕದ ‘ನೋವಾ’ ಸಂಸ್ಥೆಯ ವಿಜ್ಞಾನಿಯೊಬ್ಬರು ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಜೋಡಿಸಿ ಮಾಡಿದ ನಕ್ಷೆ. ಬಿಳಿ ಬಣ್ಣ ಮೊದಲಿನಿಂದಲೂ ಬೆಳಕಿದ್ದ ನಗರಗಳದ್ದು. ನೀಲಿ, ಹಸಿರು, ಕೆಂಪು ಬಣ್ಣಗಳು 1992, 1998, 2003ರಲ್ಲಿ ಹೊಸದಾಗಿ ಕಾಣಿಸಿಕೊಂಡ ಬೆಳಕಿನವು. ನಾಸಾ 2012ರಲ್ಲಿ ದೀಪಾವಳಿ ಸಮಯದ ರಾತ್ರಿಯೊಂದರ ನಿಜವಾದ ಚಿತ್ರವನ್ನು ಪ್ರಕಟಿಸಿ, ಹಬ್ಬದ ಹೆಚ್ಚುವರಿ ಬೆಳಕು ಅಷ್ಟು ಎತ್ತರದಿಂದ ಗೋಚರಿಸುವಷ್ಟಿರುವುದಿಲ್ಲ ಎಂದು ವಿವರಿಸಿತು. ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ನಗರೀಕರಣದ ಇಡೀ ಅಧ್ಯಾಯ ಅಲ್ಲಿಯೇ ಇದೆ. ಸುಳ್ಳಿನ ಹಿಂದಿರುವ ನಿಜ, ಸುಳ್ಳಿಗಿಂತ ಸ್ವಾರಸ್ಯಕರವಾಗಿದೆ. ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನ ಅತ್ಯುತ್ತಮ ಗೀತೆಯೆಂದು ಯುನೆಸ್ಕೊ ಘೋಷಿಸಿದೆ ಎಂಬ ಸಂದೇಶದ ಕಥೆಯೂ ಅಷ್ಟೇ. ಯುನೆಸ್ಕೊ ಅಂಥ ಘೋಷಣೆ ಮಾಡಿಲ್ಲ, ಆದರೂ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅದು ಸುತ್ತುತ್ತಿದೆ. ಇವನ್ನು ಮಕ್ಕಳಿಗೆ ಹಂಚುವವರು ಹೆಚ್ಚಾಗಿ ದೊಡ್ಡವರು, ಕೆಲವೊಮ್ಮೆ ನಾವು ಶಿಕ್ಷಕರೇ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ನೆರೆಯ ಕೇರಳದಲ್ಲಿ ಶಿಕ್ಷಣ ಇಲಾಖೆಯ ‘ಕೈಟ್’ ಸಂಸ್ಥೆ 2022ರಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಲಕ್ಷಾಂತರ ಶಾಲಾ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಿತು. ನಮ್ಮಲ್ಲಿ ಅಂತಹ ಪ್ರಯತ್ನ ಆಸಕ್ತ ಶಿಕ್ಷಕರ ವೈಯಕ್ತಿಕ ಉತ್ಸಾಹಕ್ಕೆ ಬಿಟ್ಟ ವಿಷಯವಾಗಿ ಉಳಿಯಬಾರದು.

ವಿಜ್ಞಾನದ ಶಿಕ್ಷಕರಿಗೂ ದಾರಿಗಳಿವೆ. ಶಾಲೆಯ ಆವರಣದ ಮರವೊಂದನ್ನು ವಾರವಾರ ನೋಡಿ ಚಿಗುರು, ಹೂವು, ಕಾಯಿಗಳ ಸಮಯವನ್ನು ದಾಖಲಿಸುವ ‘ಸೀಸನ್‌ವಾಚ್’, ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ ಇವೆಲ್ಲವೂ ಶಾಲೆಯ ಹೆಸರಿನಲ್ಲಿ ಪಾಲ್ಗೊಳ್ಳಬಹುದಾದ ಕೆಲಸಗಳು.

ಇನ್ನು ಕಲಿಕೆಯ ಹೆಸರಿನಲ್ಲಿ ನಡೆಯುತ್ತಿರುವ, ನನಗೆ ತೀರಾ ಅಸಮಾಧಾನ ತರುವ ಒಂದು ಸಂಗತಿಯನ್ನು ಪ್ರಸ್ತಾಪಿಸಲೇಬೇಕು. ಶಾಲೆಯ ಮಕ್ಕಳನ್ನು ಕುಣಿಸಿ, ಮಗ್ಗಿ ಹೇಳಿಸಿ, ತಪ್ಪು ಉತ್ತರ ಕೊಟ್ಟಾಗ ನಗಾಡಿ, ಅದನ್ನೆಲ್ಲ ರೀಲ್ಸ್ ಮಾಡಿ ತಮ್ಮ ಸ್ವಂತ ಚಾನೆಲ್‌ಗೆ ಹಾಕಿಕೊಳ್ಳುವ ಶಿಕ್ಷಕರ ಸಂಖ್ಯೆ ಕಡಿಮೆಯಿಲ್ಲ. ಹೆಚ್ಚಿನವರದು ಕೆಟ್ಟ ಉದ್ದೇಶವಲ್ಲ. ತಮ್ಮ ಶಾಲೆಯ ಚಟುವಟಿಕೆ ನಾಲ್ಕು ಜನಕ್ಕೆ ತಿಳಿಯಲಿ, ದಾನಿಗಳು ಮುಂದೆ ಬರಲಿ, ದಾಖಲಾತಿ ಹೆಚ್ಚಲಿ ಎಂಬ ಆಸೆ. ದಾನಿಗಳೂ ನೋಟ್‌ಬುಕ್ ಕೊಡುವಾಗ ಮಗುವಿನ ಮುಖ ಚೆನ್ನಾಗಿ ಕಾಣುವ ಚಿತ್ರವನ್ನೇ ಕೇಳುತ್ತಾರೆ. ಆದರೆ ‘ಏಳರ ಮಗ್ಗಿ ಬಾರದವಳು’ ಎಂದು ಲಕ್ಷ ಜನರಿಗೆ ಪರಿಚಯವಾದ ಹುಡುಗಿ, ಹತ್ತು ವರ್ಷಗಳ ನಂತರ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಆ ವಿಡಿಯೊ ಎಲ್ಲೋ ಒಂದು ಕಡೆ ಇರುತ್ತದೆ. ಖಾಸಗಿ ಶಾಲೆಯ ಪೋಷಕರು ಒಂದು ಪತ್ರ ಬರೆದು ಇದನ್ನು ತಡೆಯಬಲ್ಲರು. ಸರ್ಕಾರಿ ಶಾಲೆಯ ಕೂಲಿ ಕಾರ್ಮಿಕರ ಮಕ್ಕಳ ವಿಷಯದಲ್ಲಿ ಅನುಮತಿ ಕೇಳಬೇಕೆಂದೇ ಯಾರಿಗೂ ತೋಚುವುದಿಲ್ಲ. ಇದು ಜಾಲತಾಣವನ್ನು ಕಲಿಕೆಗೆ ಬಳಸುವುದಲ್ಲ, ಮಕ್ಕಳನ್ನು ಜಾಲತಾಣಕ್ಕೆ ಬಳಸುವುದು.

ಕಾನೂನು ಕೂಡ ಈಗ ಇದೇ ದಿಕ್ಕಿನಲ್ಲಿ ಸಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿ ಪಡೆಯಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ಇದಕ್ಕೆ ಸಂಬಂಧಿಸಿದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರಲಿವೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಸ್ವಂತ ನಿಯಮಗಳ ಪ್ರಕಾರವೇ 13 ವರ್ಷಕ್ಕಿಂತ ಚಿಕ್ಕವರು ಖಾತೆ ತೆರೆಯುವಂತಿಲ್ಲ. ಅಂದರೆ ಐದು, ಆರನೆಯ ತರಗತಿಯ ಮಕ್ಕಳಿಗೆ ‘ಎಲ್ಲರೂ ಗುಂಪಿಗೆ ಸೇರಿ’ ಎನ್ನುವ ಶಾಲೆ, ಸುಳ್ಳು ಹುಟ್ಟಿದ ದಿನಾಂಕ ನಮೂದಿಸುವುದನ್ನೇ ಮೊದಲ ಪಾಠವಾಗಿ ಕಲಿಸುತ್ತಿದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನು ನಿರ್ಬಂಧಿಸಿದಾಗ ಅದು ಇಲ್ಲಿಯೂ ದೊಡ್ಡ ಸುದ್ದಿಯಾಯಿತು. ಅಲ್ಲಿಯೂ ನಿರ್ಬಂಧವಿರುವುದು ಖಾತೆಯ ಮೇಲೆ ಎಂಬುದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ಲಾಗಿನ್ ಆಗದೆ ಯೂಟ್ಯೂಬ್ ನೋಡಬಹುದು, ಶಿಕ್ಷಕರು ತಮ್ಮ ಖಾತೆಯಿಂದ ತರಗತಿಯಲ್ಲಿ ಪಾಠದ ವಿಡಿಯೊ ತೋರಿಸಬಹುದು, ಗೂಗಲ್ ಕ್ಲಾಸ್‌ರೂಂನಂತಹ ಸೇವೆಗಳು ಪಟ್ಟಿಯ ಹೊರಗಿವೆ. ಅತ್ಯಂತ ಕಠಿಣವೆನಿಸಿದ ಆ ಕಾನೂನಿನ ಅಡಿಯಲ್ಲಿಯೂ ನಾನು ಹೇಳುತ್ತಿರುವ ಬಗೆಯ ಕಲಿಕೆಗೆ ಅಡ್ಡಿಯಿಲ್ಲ.

ತರಗತಿಗೊಂದು ಖಾತೆ ಎಂದಮಾತ್ರಕ್ಕೆ ಎಲ್ಲವೂ ಸರಿಹೋಗದು. ಅದನ್ನು ಶಿಕ್ಷಕರ ಖಾಸಗಿ ನಂಬರಿಗೆ ಜೋಡಿಸಿದರೆ ಅವರು ವರ್ಗವಾಗಿ ಹೋದ ದಿನ ಖಾತೆಯೂ ಹೋಗುತ್ತದೆ, ಇರುವಷ್ಟು ದಿನ ಅವರ ರಾತ್ರಿಯ ನೆಮ್ಮದಿಯೂ ಹೋಗುತ್ತದೆ. ಆದ್ದರಿಂದ ಶಾಲೆಯ ಹೆಸರಿನಲ್ಲಿಯೇ ಒಂದು ಸಿಮ್, ಅದರ ರೀಚಾರ್ಜ್‌ಗೆ ಶಾಲಾ ಅನುದಾನದಲ್ಲಿ ಅವಕಾಶ, ಮುಖ್ಯ ಶಿಕ್ಷಕರ ಜೊತೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಪೋಷಕ ಸದಸ್ಯರೊಬ್ಬರಿಗೂ ಆ ಖಾತೆಯನ್ನು ಯಾವಾಗ ಬೇಕಾದರೂ ನೋಡುವ ಹಕ್ಕು ಇರಬೇಕು. ಚಿತ್ರ ಹಾಕುವುದಾದರೆ ಕಲ್ಲು, ಎಲೆ, ನಕ್ಷೆ, ಮಕ್ಕಳ ಕೈಬರಹ ಇರಲಿ, ಮುಖ ಬೇಡ. ಖಾಸಗಿ ಸಂದೇಶಗಳಿಗೆ ಉತ್ತರ ಕೊಡುವ ಕೆಲಸ ಶಿಕ್ಷಕರದು ಮಾತ್ರ. ಪೋಷಕರಿಗೆ ಸೂಚನೆ ಕಳುಹಿಸಲು ಅಡ್ಮಿನ್ ಮಾತ್ರ ಬರೆಯಬಲ್ಲ ಬಗೆಯ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣದ ವ್ಯವಸ್ಥೆ ವಾಟ್ಸ್‌ಆ್ಯಪ್‌ನಲ್ಲಿಯೇ ಇದೆ; ಅದನ್ನು ಬಳಸುವುದಕ್ಕೆ ತರಬೇತಿಯೇನೂ ಬೇಕಿಲ್ಲ, ಹತ್ತು ನಿಮಿಷ ಸಾಕು. ಸಂಜೆ ಶಾಲೆ ಬಿಟ್ಟ ಮೇಲೆ ಹೋಂವರ್ಕ್ ಕಳುಹಿಸುವ ಪದ್ಧತಿ ಮಾತ್ರ ಸಂಪೂರ್ಣ ನಿಲ್ಲಬೇಕು. ಹೋಂವರ್ಕ್ ಕೊಡುವುದಿದ್ದರೆ ತರಗತಿಯಲ್ಲಿ, ಕಪ್ಪು ಹಲಗೆಯ ಮೇಲೆ ಕೊಡೋಣ.

ಮಕ್ಕಳು ಮನೆಗೆ ಹೋಗಿ ತಮ್ಮದೇ ಖಾತೆಯಲ್ಲಿ ರೀಲ್ಸ್ ನೋಡುತ್ತಾರಲ್ಲ, ಶಾಲೆಯ ಈ ಶಿಸ್ತಿನಿಂದೇನು ಪ್ರಯೋಜನ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನೋಡುತ್ತಾರೆ, ನಿಜ. ಅದನ್ನು ತಡೆಯುವ ಶಕ್ತಿ ಶಾಲೆಗಿಲ್ಲ, ಅನೇಕ ಮನೆಗಳಿಗೂ ಇಲ್ಲ. ಆದರೆ ಒಂದು ಚಿತ್ರವನ್ನು ಹಾಕುವ ಮೊದಲು ನಾಲ್ಕು ಜನ ಕೂಡಿ ಚರ್ಚಿಸುವುದನ್ನು, ಒಂದು ಉತ್ತರ ಬಂದಾಗ ‘ಇವರು ಯಾರು, ಇವರಿಗೆ ಹೇಗೆ ಗೊತ್ತು’ ಎಂದು ಕೇಳುವುದನ್ನು ವಾರಕ್ಕೊಮ್ಮೆಯಾದರೂ ಮಾಡಿ ನೋಡಿದ ಮಗುವಿಗೂ, ಜಾಲತಾಣವೆಂದರೆ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗುವುದಷ್ಟೇ ಎಂದು ತಿಳಿದ ಮಗುವಿಗೂ ವ್ಯತ್ಯಾಸವಿರುತ್ತದೆ ಎಂಬ ನಂಬಿಕೆ ನನ್ನದು. ಇದನ್ನು ಅಂಕಿಗಳಲ್ಲಿ ತೋರಿಸಿಕೊಡಲು ನನ್ನಿಂದಾಗದು. ಶಾಸನದ ಪಾಠವಾದ ಮೇಲೆ ಕೆಲವು ಮಕ್ಕಳು ಮನೆಯ ಗುಂಪಿನಲ್ಲಿ ಬಂದ ಸಂದೇಶಗಳನ್ನು ತಂದು ‘ಸಾರ್, ಇದು ನಿಜವಾ’ ಎಂದು ಕೇಳತೊಡಗಿದ್ದಾರೆ ಎಂದಷ್ಟೇ ಹೇಳಬಲ್ಲೆ. ಎಲ್ಲದಕ್ಕೂ ನನ್ನ ಬಳಿ ಉತ್ತರವಿರುವುದಿಲ್ಲ, ಆಗ ಕೂಡಿಯೇ ಹುಡುಕುತ್ತೇವೆ.

ಜೂನ್‌ನಲ್ಲಿ ಹೊಸ ಶೈಕ್ಷಣಿಕ ವರ್ಷದ ಪಾಠಗಳು ಆರಂಭವಾಗುವುದಕ್ಕೆ ಮುನ್ನ, ಮಕ್ಕಳ ಚಿತ್ರಗಳ ಬಳಕೆ, ಶಾಲಾ ಖಾತೆಯ ಹೊಣೆ ಮತ್ತು ಸೂಚನಾ ಗುಂಪುಗಳ ಸಮಯ ಇಷ್ಟರ ಬಗ್ಗೆಯಾದರೂ ಶಾಲಾ ಶಿಕ್ಷಣ ಇಲಾಖೆ ಎರಡು ಪುಟದ ಸ್ಪಷ್ಟ ಸುತ್ತೋಲೆಯನ್ನು ಹೊರಡಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಅದನ್ನು ಸಿದ್ಧಪಡಿಸುವ ಸಮಿತಿಯಲ್ಲಿ ತರಗತಿಯೊಳಗೆ ಪಾಠ ಮಾಡುವ ಶಿಕ್ಷಕರೂ, ಹಳ್ಳಿಯ ಶಾಲೆಗಳ ಎಸ್‌ಡಿಎಂಸಿಯ ತಾಯಂದಿರೂ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ,
ಹಾಸನ ಜಿಲ್ಲೆ